ಶಂಖದ ಮನೆಯವನ ಉಸಿರು

ಹೆಮ್ಮಿಗೆಯ ಶಂಖದ ಮನೆಯಲ್ಲಿ ಹುಟ್ಟುವ ಗಂಡುಮಗು ಅಳುವುದಿಲ್ಲ, ಊದುತ್ತದೆ ಎಂದು ಊರಿನವರು ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಹೆರಿಗೆಯ ಕೋಣೆಯೊಳಗೆ ಇಣುಕಿದವರಲ್ಲ. ಆದರೂ ಆ ಮಾತಿನ ಮೇಲೆ ಊರಿಗೆ ಎಂಥ ನಂಬಿಕೆ ಎಂದರೆ, ಮಠದ ಗುರುಗಳು ಬಂದಾಗ ಊರಬಾಗಿಲಲ್ಲಿ ನಿಂತು ಶಂಖ ಊದಿ ಬರಮಾಡಿಕೊಳ್ಳುವ ಹಕ್ಕು ತಲೆತಲಾಂತರದಿಂದ ಆ ಮನೆಯ ಹಿರಿಮಗನಿಗೇ ಸೇರಿದ್ದು. ಆ ವಿದ್ಯೆಯನ್ನು ಯಾರ ಹತ್ತಿರವೂ ಕಲಿಯುವಂತಿಲ್ಲ. ಕಲಿತರೆ ಮನೆತನಕ್ಕೇ ಅವಮಾನ. ರಕ್ತದಲ್ಲಿ ಇರುವವನು ಕಲಿಯಬೇಕಾಗಿಲ್ಲ, ಕಲಿಯಬೇಕಾದವನು ಆ ರಕ್ತದವನೇ ಅಲ್ಲ. ಊರಿನ ಈ ಕಾನೂನಿಗೆ ಅಪೀಲು ಇರಲಿಲ್ಲ.

ಈಗಿನ ಹಿರಿಮಗನ ಹೆಸರು ಪುಟ್ಟಬಸವಯ್ಯ. ವಯಸ್ಸು ನಲವತ್ತಾರು, ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಓದಲೆಂದು ಎಂಟನೆಯ ವಯಸ್ಸಿಗೇ ನಂಜನಗೂಡಿನ ಸೋದರಮಾವನ ಮನೆ ಸೇರಿದವನು ಅಲ್ಲೇ ನೌಕರಿ ಹಿಡಿದು, ಅಲ್ಲೇ ಬಾಡಿಗೆ ಮನೆ ಮಾಡಿ, ಅಲ್ಲೇ ಹೊಟ್ಟೆ ಬೆಳೆಸಿದ್ದ. ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಮನೆತನದ ಶಂಖ ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಅವನ ಬೀರುವಿನಲ್ಲಿ, ಎಲ್‌ಐಸಿ ಪತ್ರಗಳ ಪಕ್ಕದಲ್ಲಿ ಮಲಗಿತ್ತು. ಈ ಆರು ವರ್ಷ ಗುರುಗಳು ಹೆಮ್ಮಿಗೆಯ ಕಡೆ ಬರಲಿಲ್ಲ. ಅದು ದೇವರ ದಯೆ ಎಂದು ಪುಟ್ಟಬಸವಯ್ಯ ತಿಳಿದಿದ್ದ. ಏಕೆಂದರೆ ಹನ್ನೆರಡನೆಯ ವಯಸ್ಸಿನಲ್ಲಿ, ರಜೆಗೆ ಊರಿಗೆ ಹೋಗಿದ್ದಾಗ, ಯಾರೂ ಇಲ್ಲದ ಹೊತ್ತು ನೋಡಿ ಅವನು ಆ ಶಂಖವನ್ನು ಬಾಯಿಗಿಟ್ಟಿದ್ದ. ಗಾಳಿಯಲ್ಲದೆ ಬೇರೇನೂ ಬರಲಿಲ್ಲ. ಈ ಸಂಗತಿಯನ್ನು ಅವನು ಮೂವತ್ತನಾಲ್ಕು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಸಹ.

ಸಾವಿರದ ಒಂಬೈನೂರ ತೊಂಬತ್ತೇಳರ ಜನವರಿಯ ಒಂದು ಭಾನುವಾರ ಹೆಮ್ಮಿಗೆಯಿಂದ ಸಿದ್ದಮಲ್ಲಪ್ಪ ಬಂದ. ಅವನು ಪುಟ್ಟಬಸವಯ್ಯನ ಚಿಕ್ಕಪ್ಪನ ಮಗ, ಊರಿನಲ್ಲಿ ಎದುರು ಮನೆಯವನು. ಬರುವಾಗ ಒಂದು ಗೊನೆ ಬಾಳೆಹಣ್ಣು ತಂದಿದ್ದ. ಅವನು ಏನನ್ನಾದರೂ ತಂದರೆ ಏನನ್ನೋ ಒಯ್ಯಲು ಬಂದಿದ್ದಾನೆ ಎಂದು ಪುಟ್ಟಬಸವಯ್ಯನ ಹೆಂಡತಿ ಇಂದ್ರಾಣಿಗೆ ಗೊತ್ತಿತ್ತು.

"ಅಣ್ಣಯ್ಯ, ಊರ್ಲಿ ಸಮುದಾಯ ಭವನ ಮುಗೀತು. ಬಸವ ಜಯಂತಿ ದಿನ ಬಾಗ್ಲು ತೆಗ್ಯಕ್ಕೆ ಗುರುಗಳು ಬತ್ತಾವ್ರೆ. ಶಂಕವ ನೀನು ಊದೀಯೋ, ನಾನು ಊದ್ಲೋ, ಕೇಳ್ಕಂಡೋಗವ ಅಂತ ಬಂದಿ."

"ನೀನ್ಯಾಕ್ಲಾ ಊದೀಯೆ? ಹಿರೀಮಗ ನಾನು ಸತ್ತೋಗಿದ್ದೀನಾ?"

"ಅಂಗಲ್ಲ ಅಣ್ಣಯ್ಯ. ನೀನು ಕುರ್ಚಿ ಮ್ಯಾಲೆ ಕೂರೋನು, ಉಸುರು ಕಮ್ಮಿಯಾಗಿರ್ತದೆ. ದೊಡ್ಡಪ್ಪನ ರಕ್ತ ನಮ್ಮ ಕಡೀಕೆ ವಸಿ ಜಾಸ್ತಿ ಅರಿದದೆ ಅಂತ ಊರೆಲ್ಲ ಆಡ್ಕತದೆ."

ದೊಡ್ಡಪ್ಪನ ರಕ್ತ ತಮ್ಮನ ಮನೆಗೆ ಯಾವ ಕಾಲುವೆಯಲ್ಲಿ ಹರಿಯಿತು ಎಂದು ಇಂದ್ರಾಣಿ ಕೇಳಬೇಕೆಂದುಕೊಂಡಳು. ಸಭ್ಯಸ್ಥಳಾದ್ದರಿಂದ ಕಾಫಿ ತರಲು ಎದ್ದುಹೋದಳು.

ಸಿದ್ದಮಲ್ಲಪ್ಪ ಮುಂದುವರಿಸಿದ. "ಊರ ಯಜಮಾನ್ರು ಒಂದು ಮಾತು ಏಳವ್ರೆ. ಆವತ್ತು ನೀನು ಬಾಯಿಗಿಟ್ಟಾಗ ಸದ್ದು ಬರ್ನಿಲ್ಲ ಅಂದ್ರೆ ಶಂಕ ನಮ್ಮನೆ ಸೇರ್ಬೇಕು. ಅಲ್ಲಿಂದಾಚೆಗೆ ನಮ್ಮನೇನೇ ಶಂಕದ ಮನೆ."

ಹೆಮ್ಮಿಗೆಯಲ್ಲಿ ಪುಟ್ಟಬಸವಯ್ಯನ ತಾಯಿ ಚನ್ನಾಜಮ್ಮ ಇದ್ದಳು. ನಂಜನಗೂಡಿಗೆ ಬಾ ಎಂದರೆ ಬಾರದೆ, ಶಂಖದ ಮನೆಯ ಹಿರಿಸೊಸೆ ಎಂಬ ಒಂದೇ ಹೆಮ್ಮೆಯಲ್ಲಿ ಎಪ್ಪತ್ತೆಂಟು ವರ್ಷಕ್ಕೂ ಬೆನ್ನು ನೆಟ್ಟಗೆ ಇಟ್ಟುಕೊಂಡು ಆ ಬೀದಿಯಲ್ಲಿ ಓಡಾಡುತ್ತಿದ್ದಳು. ಶಂಖ ಎದುರು ಮನೆಗೆ ಹೋದರೆ ಆ ಬೆನ್ನು ಬಾಗುತ್ತದೆ. ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಧೈರ್ಯವಿಲ್ಲದಾಗ ಅವನು ಸಾಮಾನ್ಯವಾಗಿ ಜಂಬ ಕೊಚ್ಚುತ್ತಿದ್ದ. ಈಗಲೂ ಅದನ್ನೇ ಮಾಡಿದ.

"ಲೇ ಸಿದ್ದ, ಉಸಿರಿನ ವಿಚಾರ ನಂಗೆ ಹೇಳ್ಕೊಡ್ತೀಯಾ? ನಾನು ಬಾಯಿಗಿಟ್ರೆ ಟಿ. ನರಸೀಪುರದ ಬಸ್‌ಸ್ಟ್ಯಾಂಡಿಗೆ ಕೇಳ್ಬೇಕು!"

"ಎಲ್ಲಿ, ಈಗ ಒಂದ್ಸಲ ಊದು, ಕೇಳವ."

"ಸುಮ್‌ಸುಮ್ನೆ ಊದೋಕೆ ಇದೇನು ಐಸ್‌ಕ್ಯಾಂಡಿ ಮಾರೋನ ಪೀಪಿಯೇನ್ಲಾ? ಹೋಗಿ ಯಜಮಾನ್ರಿಗೆ ಹೇಳು, ಅಭ್ಯಾಸ ಗಿಭ್ಯಾಸ ಏನೂ ಇಲ್ದೆ ಬತ್ತೀನಿ, ನಿಂತ್ಕೋತೀನಿ, ಊದ್ತೀನಿ ಅಂತ."

ಸಿದ್ದಮಲ್ಲಪ್ಪ ಬೀರುವಿನ ಕಡೆ ಒಂದು ಸಲ ನೋಡಿ, ಕಾಫಿ ಕುಡಿದು ಹೊರಟುಹೋದ.

ಮಾರನೆಯ ದಿನದಿಂದ ಪುಟ್ಟಬಸವಯ್ಯ ಬೆಳಗಿನ ಐದಕ್ಕೆ ಶಂಖವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳತೊಡಗಿದ. ಮೊದಲ ದಿನ ಶಂಖದಿಂದ 'ಪುಸ್' ಎಂದು ಬಂತು. ಎರಡನೆಯ ದಿನ ಅದೂ ಬರಲಿಲ್ಲ. ವಾರ ಕಳೆಯುವ ಹೊತ್ತಿಗೆ ಎರಡು ಕೆನ್ನೆಯೂ ಊದಿ ಮುದ್ದೆ ನುಂಗುವುದೂ ಕಷ್ಟವಾಯಿತು. ಊದಬೇಕಾದದ್ದು ಶಂಖ, ಊದಿಕೊಂಡದ್ದು ಇವನು. ಇಂದ್ರಾಣಿ ಎರಡು ವಾರ ಸುಮ್ಮನಿದ್ದಳು, ಆಮೇಲೆ ಬಚ್ಚಲ ಬಾಗಿಲು ತಟ್ಟಿದಳು.

"ಏನೂಂದ್ರೆ, ದಿನಾ ಮುಕ್ಕಾಲು ಗಂಟೆ ಒಳಗಿರ್ತೀರಿ, ಮುಕ್ಕೋ ಸದ್ದು ಬತ್ತದೆ. ಇಸಬ್‌ಗೋಲ್ ತರಿಸ್ಲಾ?"

"ಬೇಡ. ಪ್ರಾಣಾಯಾಮ ಮಾಡ್ತಾ ಇವ್ನಿ."

ಹತ್ತೊಂಬತ್ತನೆಯ ದಿನ ಶಂಖ ಬಾಯಿಬಿಟ್ಟಿತು. ಅದು ಹೇಗೆ ಬಂತು ಎಂದು ಪುಟ್ಟಬಸವಯ್ಯನಿಗೂ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಒಂದು ಉದ್ದನೆಯ, ಒಡೆದ, ಕರುಳು ಕಿವುಚುವ ಸದ್ದು ಬಚ್ಚಲುಮನೆಯ ಗೋಡೆಗೆ ಬಡಿದು, ಕಿಟಕಿಯಿಂದ ಹಾರಿ, ಎಂಟು ಮನೆಯ ಆ ವಠಾರದ ಮೇಲೆಲ್ಲ ಹರಡಿಕೊಂಡಿತು. ಅವನಿಗೆ ಆನಂದದಿಂದ ಕಣ್ಣಲ್ಲಿ ನೀರು ಬಂತು.

ವಠಾರದವರ ಕಣ್ಣಲ್ಲೂ ನೀರು ಬಂತು, ಕಾರಣ ಮಾತ್ರ ಬೇರೆ. ನಮ್ಮ ಕಡೆ ದೇವಸ್ಥಾನದಲ್ಲಿ ಶಂಖ ಊದಿದರೆ ಪೂಜೆ. ಮನೆಯಲ್ಲಿ, ಅದೂ ಬೆಳಗಿನ ಜಾವ ಶಂಖ ಊದಿದರೆ ಅದಕ್ಕೆ ಒಂದೇ ಅರ್ಥ. ಹಾಲಿನವಳು ಕೂಡ ಹಾಲಿನ ಕ್ಯಾನು ಕೆಳಗಿಟ್ಟು, ಯಾವ ಮನೆ ಎಂದು ನೋಡುತ್ತಾಳೆ.

ಮೊದಲು ಓಡಿಬಂದವಳು ಪಕ್ಕದ ಮನೆಯ ಪಾಪಮ್ಮ. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದ ಇಂದ್ರಾಣಿಯನ್ನು ಅವಳು ತಬ್ಬಿಕೊಂಡು, "ಅಯ್ಯೋ ನನ್ನವ್ವಾ, ಎಂತಾ ಜೀವ ಓಗ್ಬುಡ್ತಲ್ಲವ್ವಾ!" ಎಂದು ಗೋಳಾಡಿದಳು. ಯಾರೋ ತಬ್ಬಿಕೊಂಡು ಅಳುವಾಗ ತಾನು ಅಳದೆ ನಿಲ್ಲುವುದು ಸರಿಯಲ್ಲವೆಂದು ಇಂದ್ರಾಣಿಯೂ ಜೋರಾಗಿ ಅತ್ತಳು. ಐದು ನಿಮಿಷ ಅತ್ತ ಮೇಲೆ, "ಯಾರಕ್ಕಾ ಹೋಗಿದ್ದು?" ಎಂದು ಮೆಲ್ಲಗೆ ಕೇಳಿದಳು.

"ನಿಮ್ಮನೇಲಿ ಓಗಿರಾದು ನಂಗೇನವ್ವಾ ಗೊತ್ತು! ನೀನೇ ಏಳ್ಬೇಕು."

ಅಷ್ಟರಲ್ಲಿ ವಠಾರವೆಲ್ಲ ನೆರೆದಿತ್ತು. ಜನ ಲೆಕ್ಕ ಹಾಕಿದರು. ಈ ಮನೆಯಲ್ಲಿರುವುದು ಇಬ್ಬರು. ಒಬ್ಬಳು ಅಳುತ್ತಿದ್ದಾಳೆ. ಇನ್ನೊಬ್ಬ ಕಾಣುತ್ತಿಲ್ಲ. ಉತ್ತರ ಸಿಕ್ಕಿತು. ಸೈಕಲ್ ಶಾಪಿನ ಮಹದೇವ ಹಾರ ತರಲು ಸೈಕಲ್ ಹತ್ತಿ ಹೊರಟೇಬಿಟ್ಟ. ಉಳಿದವರು ಹೋದವನ ಗುಣಗಾನ ಆರಂಭಿಸಿದರು.

"ನಿನ್ನೆ ಸಾಯಂಕಾಲ ನನ್ನ ಮಾತಾಡ್ಸುದ್ರು ಕಣ್ರೀ. ದೇವರಂತ ಮನುಷ್ಯ."

"ಸುಳ್ಳು ಅಂದ್ರೆ ಏನು ಅಂತ್ಲೇ ಗೊತ್ತಿರ್ನಿಲ್ಲ ಆ ಜೀವಕ್ಕೆ."

ಆಗ ಬಚ್ಚಲುಮನೆಯ ಬಾಗಿಲು ತೆರೆದು ಆ ಜೀವ ಟವೆಲ್ ಸುತ್ತಿಕೊಂಡು ಹೊರಗೆ ಬಂತು. ಪಾಪಮ್ಮ ಕಿಟಾರನೆ ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು. ಪುಟ್ಟಬಸವಯ್ಯ ಮೂವತ್ತು ಮುಖಗಳನ್ನೂ ಒಮ್ಮೆ ನೋಡಿದ. ಶಂಖ ಬಚ್ಚಲ ಹಂಡೆಯ ಹಿಂದೆ ಭದ್ರವಾಗಿತ್ತು.

"ಆ ಸದ್ದಾ? ಅದು ನಲ್ಲಿ ಕಣ್ರೀ. ನಲ್ಲೀಲಿ ಗಾಳಿ ಬಂತು" ಎಂದ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ನಲ್ಲಿಯಲ್ಲಿ ಗಾಳಿ ಬಂದರೆ ಹಿಂದೆಯೇ ನೀರು ಬರುತ್ತದೆ ಎಂಬುದು ಆ ಬಡಾವಣೆಯಲ್ಲಿ ಎಲ್ಲರಿಗೂ ತಿಳಿದ ವಿಷಯ, ಮತ್ತು ಅಲ್ಲಿ ನೀರು ಬಂದು ಮೂರು ದಿನವಾಗಿತ್ತು. ಐದು ನಿಮಿಷದಲ್ಲಿ ಅಳಲು ಬಂದ ಮೂವತ್ತು ಜನವೂ ಕೊಡಗಳನ್ನು ತಂದು ಅವನ ಬಚ್ಚಲುಮನೆಯಿಂದ ಬೀದಿಯವರೆಗೆ ಸಾಲು ನಿಂತರು. ಮಹದೇವ ಹಾರದೊಂದಿಗೆ ವಾಪಸು ಬಂದವನು ಅದನ್ನು ಯಾರಿಗೆ ಹಾಕುವುದೆಂದು ತಿಳಿಯದೆ ತಾನೂ ಸಾಲಿನಲ್ಲಿ ನಿಂತ. ಒಂಬತ್ತೂವರೆಯ ತನಕ ಕಾದರು. ನೀರು ಬರಲಿಲ್ಲ. ಬೆಳಿಗ್ಗೆ ದೇವರಂತಿದ್ದ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದು ಚದುರಿದರು.

ಇನ್ನು ಬಚ್ಚಲುಮನೆ ಆಗುವುದಿಲ್ಲ ಎಂದು ಪುಟ್ಟಬಸವಯ್ಯನಿಗೆ ಖಚಿತವಾಯಿತು. ನಂಜನಗೂಡಿನಲ್ಲಿ ಶಂಖ ಊದಿದರೆ ಯಾರೂ ತಿರುಗಿ ನೋಡದ ಜಾಗಗಳು ಎರಡೇ. ಒಂದು ದೇವಸ್ಥಾನ, ಅಲ್ಲಿ ಊದುವವರು ಬೇರೆ ಇದ್ದಾರೆ. ಇನ್ನೊಂದು ಕಪಿಲಾ ನದಿಯ ದಡದ ಸ್ಮಶಾನ. ಅವನು ಕಚೇರಿ ಮುಗಿಸಿ, ಶಂಖವನ್ನು ಟಿಫನ್ ಬ್ಯಾಗಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದ. ಸಂಜೆ ಐದೂವರೆಯ ಬಿಸಿಲಿನಲ್ಲಿ ಒಂದು ಹೊಂಗೆಮರದ ಕೆಳಗೆ ನಿಂತು ಊದಲು ಶುರುಮಾಡಿದ.

ಆ ಮರದ ಇನ್ನೊಂದು ಪಕ್ಕದಲ್ಲಿ ರಾಮಯ್ಯ ಕುಳಿತು ಬೀಡಿ ಸೇದುತ್ತಿದ್ದ. ರಾಮಯ್ಯ ದಾಸಯ್ಯ. ಊರಿನಲ್ಲಿ ಯಾರೇ ಹೋದರೂ ಹೆಣದ ಮುಂದೆ ಶಂಖ ಊದಿಕೊಂಡು, ಜಾಗಟೆ ಹೊಡೆದುಕೊಂಡು ನಡೆಯುವವನು. ಮೂವತ್ತೈದು ವರ್ಷದ ಅನುಭವಸ್ಥ. ಅವನು ಒಂದು ಬೀಡಿ ಮುಗಿಯುವವರೆಗೆ ತಡೆದುಕೊಂಡ.

"ಸ್ವಾಮೇರಾ, ಅದೇನ್ ತಪ್ ಮಾಡ್ತು ಅಂತ ಅಂಗೆ ಇಂಸೆ ಕೊಟ್ಟೀರಿ?"

ಪುಟ್ಟಬಸವಯ್ಯ ಬೆಚ್ಚಿಬಿದ್ದ. ಆಮೇಲೆ ಎದೆಯುಬ್ಬಿಸಿ, "ಹೆಮ್ಮಿಗೆಯ ಶಂಖದ ಮನೆ ಹಿರೀಮಗ ನಾನು. ಇದು ನಮ್ಮ ರಕ್ತದಲ್ಲೇ ಬಂದದೆ" ಎಂದ.

"ರಕ್ತದಲ್ಲಿ ಬರಾದು ಸಕ್ಕರೆ ಕಾಯ್ಲೆ ಸಾ. ಶಂಕ ಬರಾದು ಒಟ್ಟೆಯಿಂದ. ಇಲ್ ಕೊಡಿ."

ರಾಮಯ್ಯ ಬಾಯಿಗಿಟ್ಟ. ನದಿಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ಪುಟ್ಟಬಸವಯ್ಯ ಆ ಕ್ಷಣಕ್ಕೆ ತನ್ನ ಮನೆತನ, ನೌಕರಿ, ವಯಸ್ಸು ಎಲ್ಲವನ್ನೂ ಮರೆತು, "ಹೇಳ್ಕೊಡಿ ರಾಮಯ್ಯ" ಎಂದುಬಿಟ್ಟ. ಹೇಳಿದ ಮೇಲೆ ಸುತ್ತಮುತ್ತ ನೋಡಿದ. ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಇದ್ದವರು ಹೋಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಪಾಠ ಶುರುವಾಯಿತು. ಮೊದಲ ಹದಿನೈದು ದಿನ ಶಂಖ ಮುಟ್ಟುವಂತಿಲ್ಲ. ನದಿಯಲ್ಲಿ ಎದೆಮಟ್ಟ ನಿಂತು ಉಸಿರು ತುಂಬಿಕೊಳ್ಳಬೇಕು, ನೂರು ಎಣಿಸಿಕೊಂಡು ಬಿಡಬೇಕು. ಆಮೇಲೆ ತುಟಿ ಬಿಗಿಹಿಡಿದು ನಡುಗಿಸುವ ಅಭ್ಯಾಸ. ಇದನ್ನು ಪುಟ್ಟಬಸವಯ್ಯ ಕಚೇರಿಯಲ್ಲೂ ಫೈಲು ನೋಡುತ್ತ ಮಾಡುತ್ತಿದ್ದ. ಅರ್ಜಿ ಹಿಡಿದು ಬಂದ ರೈತರು, ಈ ಗುಮಾಸ್ತರು ತಮ್ಮನ್ನು ಅಣಕಿಸುತ್ತಿದ್ದಾರೋ ಕುದುರೆಯ ಹಾಗೆ ಕೆನೆಯುತ್ತಿದ್ದಾರೋ ತಿಳಿಯದೆ ಹೊರಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಕಚೇರಿಗೆ ಮುಂಚೆ ಎರಡು ಗಂಟೆ, ಕಚೇರಿಯ ನಂತರ ಎರಡು ಗಂಟೆ. ತುಟಿ ಸೀಳಿ ರಕ್ತ ಬಂತು. ಈ ವಿದ್ಯೆಗೂ ರಕ್ತಕ್ಕೂ ಇದ್ದ ಸಂಬಂಧ ಅಷ್ಟೇ.

"ನಿಮಗೆ ಇದು ಹುಟ್ಟಿನಿಂದ್ಲೇ ಬಂತಾ ರಾಮಯ್ಯ?"

"ಉಟ್ದಾಗ ನಂಗೆ ಬಂದಿದ್ದು ಕೆಮ್ಮು ಒಂದೇ ಸಾ. ಊರ್ನಲ್ಲಿ ಒಂದೈನೂರು ಎಣ ಕಳ್ಸಿದ್ಮೇಲೆ ಸದ್ದು ನೆಟ್ಗೆ ಬಂತು."

ಒಂದು ತಿಂಗಳಿಗೆ ಪುಟ್ಟಬಸವಯ್ಯನ ಶಂಖ ತಡವರಿಸದೆ ನುಡಿಯಿತು. ಆಗ ಅವನಿಗೆ ಒಂದು ಅನುಮಾನ ಬಂತು.

"ನೀವು ಹೇಳ್ಕೊಟ್ಟಿರೋದು ಸಾವಿನ ಊದಲ್ವಾ?"

"ಔದು. ಸಾವಿಗೆ ಮೂರು ಉಸುರು. ಮೂರ್ನೇದು ನಡುಗ್ತಾ ನಡುಗ್ತಾ ಇಳೀಬೇಕು. ಮಂಗಳಕ್ಕೆ ಒಂದೇ ಉಸುರಂತೆ, ಏರಿ ಅಲ್ಲೇ ನಿಂತ್ಕಬೇಕಂತೆ. ಅದು ನಂಗೊತ್ತಿಲ್ಲ ಸಾ, ನನ್ನ ಯಾರೂ ಮದುವೆಗೆ ಕರ್ದಿಲ್ಲ."

ಅದೇನು ಮಹಾ, ಆವತ್ತು ಮೊದಲ ಉಸಿರಿಗೇ ನಿಲ್ಲಿಸಿದರಾಯಿತು ಎಂದು ಪುಟ್ಟಬಸವಯ್ಯ ಸಮಾಧಾನ ಮಾಡಿಕೊಂಡ.

ಏಪ್ರಿಲ್ ಮೊದಲ ವಾರ ರಾಮಯ್ಯನಿಗೆ ಎದೆ ಕಟ್ಟಿತು. ಮಾರನೆಯ ದಿನವೇ ಪೇಟೆ ಬೀದಿಯಲ್ಲಿ ಒಬ್ಬರು ಹೋದರು. "ಒಂದ್ ದಿನ ನೀವು ನಿಂತ್ಕಳಿ ಸಾ. ಗುರುವಿನ ಮಾತು" ಎಂದು ರಾಮಯ್ಯ ಕೈ ಮುಗಿದ. ಪುಟ್ಟಬಸವಯ್ಯ ಶ್ವಾಸಕೋಶದ ತೊಂದರೆ ಎಂದು ಕಾರಣ ಬರೆದು ರಜೆ ಹಾಕಿದ. ಹಣೆಯ ವಿಭೂತಿ ಕಾಣದ ಹಾಗೆ, ಆ ಸುಡುಬಿಸಿಲಿನಲ್ಲಿ, ತಲೆಗೂ ಗಲ್ಲಕ್ಕೂ ಮಫ್ಲರ್ ಸುತ್ತಿಕೊಂಡು ಹೆಣದ ಮುಂದೆ ನಡೆದ.

ಒಂದು ದಿನ ಎಂದದ್ದು ಹನ್ನೊಂದು ಹೆಣವಾಯಿತು, ರಜೆಯೂ ಹದಿನೈದು ದಿನಕ್ಕೆ ಬೆಳೆಯಿತು. ಮಫ್ಲರ್ ದಾಸಯ್ಯನ ಹೆಸರು ಊರಿನಲ್ಲಿ ಹಬ್ಬಿತು. ಅವನು ಮೂರನೆಯ ಉಸಿರು ನಡುಗಿಸಿದರೆ, ಆಸ್ತಿ ವ್ಯಾಜ್ಯದಲ್ಲಿ ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರೂ ಪರಸ್ಪರ ಹೆಗಲ ಮೇಲೆ ಬಿದ್ದು ಅಳುತ್ತಿದ್ದರು. ಒಬ್ಬ ಮುದುಕ ಪಕ್ಕದವನಿಗೆ ಹೇಳುವುದು ಪುಟ್ಟಬಸವಯ್ಯನ ಕಿವಿಗೆ ಬಿತ್ತು: "ಇದು ಕಲ್ತು ಬರಾ ಇದ್ಯೆ ಅಲ್ಲ ಕಣಪ್ಪ. ಉಟ್ತಾನೇ ತಂದಿರ್ಬೇಕು."

ಈ ಮಾತನ್ನು ಕೇಳಲೆಂದೇ ಅವನು ಮೂರು ತಿಂಗಳಿಂದ ಹೆಣಗಿದ್ದ. ಈಗ ಕೇಳಿದಾಗ ಹಿಗ್ಗಾಗಲಿಲ್ಲ, ಹಾಳು ಸಿಟ್ಟು ಬಂತು. ದಿನಕ್ಕೆ ನಾಲ್ಕು ಗಂಟೆ ನೀರಿನಲ್ಲಿ ನಿಂತು ನೆಗಡಿ ಹಿಡಿಸಿಕೊಂಡವನು ನಾನು, ಹುಟ್ಟುತ್ತ ತಂದನಂತೆ ಎಂದು ಗೊಣಗಿಕೊಂಡೇ ಮುಂದಕ್ಕೆ ನಡೆದ.

ಹನ್ನೆರಡನೆಯದು ದೊಡ್ಡ ಮನೆಯ ಸಾವು. ಹೆಣ ಹೊರಡುವ ಹೊತ್ತಿಗೆ ಪುಟ್ಟಬಸವಯ್ಯ ಶಂಖ ಎತ್ತಿದ. ಎದುರಿಗೆ ಬಿಳಿ ಅಂಗಿ ತೊಟ್ಟು ನಿಂತಿದ್ದವರನ್ನು ಕಂಡು ಆ ಶಂಖದಿಂದಲೇ ಮುಖ ಮುಚ್ಚಿಕೊಂಡ. ಅವನ ಕಚೇರಿಯ ಸಾಹೇಬರು ರವಿಕುಮಾರ್. ತೀರಿಕೊಂಡವರು ಅವರ ಮಾವ. ಸಾಹೇಬರು ಹತ್ತಿರ ಬಂದು ಮಫ್ಲರಿನೊಳಗೆ ಬಗ್ಗಿ ನೋಡಿದರು.

"ಏನ್ರೀ ಪುಟ್ಟಬಸವಯ್ಯ! ಶ್ವಾಸಕೋಶದ ತೊಂದರೆ ಅಂತ ರಜೆ ಹಾಕಿದ್ರಲ್ಲ?"

"ಹೌದು ಸಾ. ಡಾಕ್ಟ್ರು ದಿನಾ ಊದಿ ಅಂದವ್ರೆ ಸಾ."

"ಬಲೂನ್ ಊದಿ ಅಂದಿರ್ತಾರೆ ಕಣ್ರೀ! ನಾಳೆ ಆಫೀಸಿಗೆ ಬನ್ನಿ, ನಿಮಗೆ..."

"ರೀ, ಅವರನ್ನ ಮಾತಾಡಿಸಿ ಉಸಿರು ಕೆಡಿಸಬೇಡಿ" ಎಂದು ಸಾಹೇಬರ ಹೆಂಡತಿ ಹಿಂದಿನಿಂದ ಗದರಿದರು. "ನಮ್ಮಪ್ಪನಿಗೆ ಇವರೇ ಬೇಕು ಅಂತ ಅಮ್ಮ ಹಟ ಹಿಡಿದು ಕರೆಸಿದ್ದಾರೆ. ನೀವು ಹಿಂದೆ ನಡೀರಿ."

ಪುಟ್ಟಬಸವಯ್ಯನ ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಸಾಹೇಬರೊಬ್ಬರು ಅವನ ಹಿಂದೆ ನಡೆದದ್ದು ಅದೊಂದೇ ದಿನ. ಮೂರನೆಯ ಉಸಿರಿಗೆ ಅವರೂ ಕರ್ಚೀಫು ತೆಗೆದರು. ರಜೆಯ ವಿಷಯ ಮತ್ತೆ ಎತ್ತಲಿಲ್ಲ.

ಬಸವ ಜಯಂತಿಯ ದಿನ ಪುಟ್ಟಬಸವಯ್ಯ ಇಂದ್ರಾಣಿಯೊಡನೆ ಮೊದಲ ಬಸ್ಸಿಗೇ ಹೊರಟು, ಟಿ. ನರಸೀಪುರದಲ್ಲಿ ಬದಲಾಯಿಸಿ ಹೆಮ್ಮಿಗೆ ತಲುಪಿದ. ಊರಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಕಳಶ ಹಿಡಿದ ಹೆಂಗಸರು ಎರಡು ಸಾಲು, ತಮಟೆಯವರು ಆರು ಜನ. ಎಲ್ಲರಿಗಿಂತ ಮುಂದೆ ಒಂದು ಮರದ ಕುರ್ಚಿಯಲ್ಲಿ ಚನ್ನಾಜಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಸಿದ್ದಮಲ್ಲಪ್ಪ ಗಂಜಿ ಹಾಕಿದ ಪಂಚೆಯುಟ್ಟು, ಶಂಖಕ್ಕೆ ಒಂದು ಗಜ ದೂರದಲ್ಲಿ, ಆಗಲೇ ತುಟಿ ಒದ್ದೆ ಮಾಡಿಕೊಂಡು ನಿಂತಿದ್ದ.

"ಅಭ್ಯಾಸ ಏನಾರ ಮಾಡಿದ್ದೀಯಾ ಅಣ್ಣಯ್ಯ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

"ನಂಗ್ಯಾಕ್ಲಾ ಅಭ್ಯಾಸ?"

ಗುರುಗಳ ಅಂಬಾಸಿಡರ್ ಕಾರು ತಿರುವಿನಲ್ಲಿ ಕಂಡಿತು. ತಮಟೆ ಗಡಗಡನೆ ಮೊಳಗಿ ನಿಂತಿತು. ಊರೆಲ್ಲ ಉಸಿರು ಹಿಡಿಯಿತು, ಪುಟ್ಟಬಸವಯ್ಯ ಉಸಿರು ಬಿಟ್ಟ.

ಮೊದಲ ಉಸಿರು ಏರಿತು. ಏನು ಹೇಳಲಿ, ಆ ಊರಬಾಗಿಲಲ್ಲಿ ಅಂಥ ನಾದ ಎಂದೂ ಕೇಳಿರಲಿಲ್ಲ. ಯಜಮಾನರು ಮೀಸೆ ತಿರುವಿದರು. ಸಿದ್ದಮಲ್ಲಪ್ಪನ ಮುಖ ಬಾಡಿತು. ಅಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಬೇಕು ಎಂದು ಪುಟ್ಟಬಸವಯ್ಯನ ತಲೆ ಹೇಳುತ್ತಿತ್ತು. ಆದರೆ ಹನ್ನೆರಡು ಹೆಣ ಕಳಿಸಿದ ಹೊಟ್ಟೆ ತಲೆಯ ಮಾತು ಕೇಳಲಿಲ್ಲ. ಎರಡನೆಯ ಉಸಿರು ತಾನಾಗಿ ಬಂತು. ಅದರ ಹಿಂದೆ ಮೂರನೆಯದು ನಡುಗುತ್ತ, ನಡುಗುತ್ತ ಇಳಿಯಿತು. ಕಾಲುಗಳೂ ಅಭ್ಯಾಸಬಲದಿಂದ ದಕ್ಷಿಣಕ್ಕೆ ತಿರುಗಿ ಮೂರು ನಿಧಾನದ ಹೆಜ್ಜೆ ಇಟ್ಟವು.

ಆ ಸದ್ದು ಕೇಳಿದರೆ ಏನು ಮಾಡಬೇಕೆಂದು ಹೆಮ್ಮಿಗೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡಸರು ತಲೆವಸ್ತ್ರ ತೆಗೆದು, ಚಪ್ಪಲಿ ಬಿಟ್ಟರು. ಹೆಂಗಸರು ಕಳಶಗಳನ್ನು ಕೆಳಗಿಟ್ಟರು. ಒಬ್ಬಳು ಮುದುಕಿ ಎದೆ ಬಡಿದುಕೊಂಡು, ಹೆಸರಿನ ಜಾಗ ಖಾಲಿ ಬಿಟ್ಟು ಅಳಲು ಶುರುಮಾಡಿದಳು. ತಮಟೆಯವರ ಕೈ ತಾನಾಗಿಯೇ ಸಾವಿನ ಹೊಡೆತಕ್ಕೆ ತಿರುಗಿತು. ಟೀ ಅಂಗಡಿಯವನು ಬಾಗಿಲು ಎಳೆದ. ಒಬ್ಬನಂತೂ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ತನ್ನ ತಾತನನ್ನು ನೋಡಲು ಮನೆಗೆ ಓಡಿ, ತಾತ ಎಲೆ ಅಡಿಕೆ ಕುಟ್ಟುತ್ತಿದ್ದುದನ್ನು ಕಂಡು, "ನೀನಲ್ದೆ ಮತ್ಯಾರು?" ಎಂದು ಅವನನ್ನೇ ಜಬರಿಸಿದನಂತೆ.

ಅಷ್ಟರಲ್ಲಿ ಕಾರು ಬಂದು ನಿಂತಿತು. ಎಂಬತ್ತು ದಾಟಿದ ಗುರುಗಳು ಹಿಂದಿನ ಸೀಟಿಗೆ ಒರಗಿ, ಕಣ್ಣು ಮುಚ್ಚಿ, ದಾರಿಯ ಆಯಾಸಕ್ಕೆ ನಿದ್ದೆಹೋಗಿದ್ದರು. ಜನ ಶಂಖದ ಸದ್ದನ್ನೂ ಮುಚ್ಚಿದ ಕಣ್ಣುಗಳನ್ನೂ ಕೂಡಿಸಿ ನೋಡಿದರು. ಭವನದ ಕಮಿಟಿ ಅಧ್ಯಕ್ಷರು "ಬುದ್ಧೀ!" ಎಂದು ಕೂಗಿ ಕಾರಿನ ಬಾನೆಟ್ ಮೇಲೆ ಬಿದ್ದರು. ಆ ಏಟಿಗೆ ಗುರುಗಳು ಕಣ್ಣು ತೆರೆದರು. ಬರಿತಲೆಯ ಗಂಡಸರು, ಅಳುವ ಹೆಂಗಸರು, ಸಾವಿನ ತಮಟೆ.

"ಯಾರಪ್ಪ ಲಿಂಗೈಕ್ಯರಾದವರು?" ಎಂದು ಗಾಬರಿಯಿಂದ ಕೇಳಿದರು.

"ತಾವೇ ಬುದ್ಧಿ!" ಎಂದರು ಅಧ್ಯಕ್ಷರು ಬಿಕ್ಕುತ್ತ. ಆಮೇಲೆ ತಲೆಯೆತ್ತಿ ನೋಡಿ ಬಾನೆಟ್ಟಿನಿಂದ ಜಾರಿದರು.

ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಗುರುಗಳು ನಕ್ಕರು. ಉಳಿದ ಯಾರೂ ನಗಲಿಲ್ಲ. ಸಿದ್ದಮಲ್ಲಪ್ಪ ಮುಂದೆ ನುಗ್ಗಿದ.

"ನೋಡುದ್ರಾ! ರಕ್ತ ಕೆಟ್ಟೋಗದೆ ಅಂತ ನಾನು ಮೊದ್ಲೇ ಏಳ್ನಿಲ್ವಾ! ಕೊಡಿಲ್ಲಿ" ಎಂದು ಅಣ್ಣನ ಕೈಯಿಂದ ಶಂಖ ಕಿತ್ತುಕೊಂಡು, ಪಂಚೆಯ ತುದಿಯಲ್ಲಿ ಒರೆಸಿ, ಆಕಾಶಕ್ಕೆ ಮುಖ ಮಾಡಿ ಊದಿದ.

'ಪುಸ್.'

ಮತ್ತೆ ಊದಿದ. ಕಣ್ಣು ಹೊರಗೆ ಬಂತು, ಕತ್ತಿನ ನರ ಹೊರಗೆ ಬಂತು, ಸೊಂಟದ ಪಂಚೆಯೂ ಸಡಿಲವಾಯಿತು, ಸದ್ದು ಮಾತ್ರ ಬರಲಿಲ್ಲ. ಯಜಮಾನರು ಪೇಚಿಗೆ ಬಿದ್ದರು. ಸದ್ದು ಬರದಿದ್ದರೆ ಶಂಖ ಸಿದ್ದಮಲ್ಲಪ್ಪನ ಮನೆಗೆ ಎಂದು ಮಾತಾಗಿತ್ತು. ಸದ್ದು ಬಂದಿದೆ. ಆದರೆ ಬರಬಾರದ ಸದ್ದು ಬಂದಿದೆ.

"ಶಂಕದ ಮನೆಯೋನಿಗೆ ಸಾವಿನ ಊದು ಎಲ್ಲಿಂದ ಬಂತಪ್ಪ?" ಎಂದು ಅವರಲ್ಲಿ ಹಿರಿಯರು ಕೇಳಿದರು.

ಪುಟ್ಟಬಸವಯ್ಯನ ಬಾಯಿಗೆ ಮೂರು ನಾಲ್ಕು ಸುಳ್ಳುಗಳು ಬಂದವು. ಕುರ್ಚಿಯಲ್ಲಿ ಕುಳಿತ ತಾಯಿಯ ಮುಖ ಕಂಡಿತು. ಒಂದೂ ಹೊರಗೆ ಬರಲಿಲ್ಲ.

"ಕಲ್ತೆ" ಎಂದ. "ನಂಜನಗೂಡಿನ ಸ್ಮಶಾನದಲ್ಲಿ, ರಾಮಯ್ಯ ಅನ್ನೋ ದಾಸಯ್ಯರ ಹತ್ರ ಕಲ್ತೆ. ನನ್ನ ರಕ್ತದಲ್ಲಿ ಏನೂ ಇಲ್ಲ. ತಪ್ಪಾಯ್ತು ಅವ್ವಾ."

ಜನ ಗುಜುಗುಜು ಎಂದರು. ಕಲಿತನಂತೆ, ಕಲಿತನಂತೆ ಎಂಬ ಮಾತು ಕಳಶದ ಸಾಲಿನ ಕೊನೆಯವರೆಗೆ ಹರಿಯಿತು. ಇಂದ್ರಾಣಿಗೆ ಬಚ್ಚಲುಮನೆಯ ಪ್ರಾಣಾಯಾಮ ಅರ್ಥವಾದದ್ದು ಆಗಲೇ. ಚನ್ನಾಜಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ಕಲ್ತಿದ್ದು ತಪ್ಪು ಅಂತ ಯಾವನ್ಲಾ ಅಂದೋನು? ಇವ್ರಪ್ಪ ಏನು ಉಟ್ತಾ ಊದ್ಕಂಡೇ ಬಂದಿದ್ರಾ? ನನ್ನ ಮದುವೆ ಆದ ವರ್ಸ, ಹೊಲಕ್ಕೆ ಓಯ್ತೀನಿ ಅಂದ್ಬುಟ್ಟು ದಿನಾ ಎದ್ದು ತಲಕಾಡಿನ ಮರಳು ದಿಬ್ಬಕ್ಕೆ ಓಗೋರು. ಮೂರು ವರ್ಸ! ಬಾಯ್ತುಂಬ ಮರಳು, ತುಟಿತುಂಬ ರಕ್ತ ಮಾಡ್ಕಂಡು ಬಂದ್ರೆ ಬೆಣ್ಣೆ ಅಚ್ಚೋಳು ನಾನು. ಯಾರ್ಗೂ ಏಳ್ಬ್ಯಾಡ ಅಂತ ಆಣೆ ಆಕಿಸ್ಕಂಡಿದ್ರು. ನಮ್ಮ ಮಾವನೂ ಅಂಗೇಯ ಅಂತ ಅತ್ತೆ ಏಳಿದ್ರು. ಈ ಮನೇಲಿ ರಕ್ತದಲ್ಲಿ ಬಂದಿರಾದು ಶಂಕ ಅಲ್ಲ ಕಣ್ರಪ್ಪಾ, ಸುಳ್ಳು!"

ಸಿದ್ದಮಲ್ಲಪ್ಪ ಶಂಖವನ್ನು ಎಲ್ಲಿ ಇಡುವುದೆಂದು ತಿಳಿಯದೆ ಸುತ್ತ ನೋಡಿ, ಕೊನೆಗೆ ಅಣ್ಣನ ಕೈಗೇ ಕೊಟ್ಟ.

"ಮಂಗಳದ್ದು ಬರುವುದಿಲ್ಲವೇನಪ್ಪ?" ಎಂದು ಗುರುಗಳು ಕೇಳಿದರು.

"ಸದ್ಯಕ್ಕೆ ಇಲ್ಲ ಬುದ್ಧಿ. ಮೂರು ತಿಂಗಳು ಟೈಮ್ ಕೊಟ್ರೆ ಕಲೀತೀನಿ." ಇಷ್ಟು ಜನರ ಮುಂದೆ ಆ ಮಾತು ಇಷ್ಟು ಸುಲಭವಾಗಿ ಬಂದದ್ದಕ್ಕೆ ಪುಟ್ಟಬಸವಯ್ಯನಿಗೇ ಆಶ್ಚರ್ಯವಾಯಿತು.

"ಆಗಲಿ. ಅಲ್ಲಿಯವರೆಗೆ ನಾವು ಈ ಊರಿಗೆ ಸದ್ದಿಲ್ಲದೆ ಬಂದು ಹೋಗುತ್ತೇವೆ" ಎಂದು ಗುರುಗಳು ಕಾರಿನಿಂದ ಇಳಿದು ನಡೆದರು. ಹೆಂಗಸರು ಕಣ್ಣೊರೆಸಿಕೊಂಡು ಕಳಶ ಎತ್ತಿದರು. ಎದೆ ಬಡಿದುಕೊಂಡ ಮುದುಕಿಗೆ ಮಾತ್ರ ಅಳು ನಿಲ್ಲಿಸಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಮೆರವಣಿಗೆ ಮುಂದೆ ಹೋದ ಮೇಲೆ ತಾಯಿ ಮಗ ಇಬ್ಬರೇ ಹಿಂದೆ ಉಳಿದರು. ಚನ್ನಾಜಮ್ಮ ಮಗನ ತೋಳು ಹಿಡಿದುಕೊಂಡಳು.

"ಮಂಗಳದ್ದ ಕಲಿ. ಆದ್ರೆ ಇದ ಮರೀಬ್ಯಾಡ ಮಗ. ನಿಮ್ಮಪ್ಪಂಗೂ ಇಷ್ಟು ಚೆಂದಾಗಿ ಬತ್ತಿರ್ನಿಲ್ಲ. ನಾನು ಓಗಾಗ ನೀನೇ ಊದ್ಬೇಕು. ಮೂರ್ನೇ ಉಸುರ ಇದೇ ತರ ನಡುಗ್ಸಬೇಕು, ಕೇಳ್ತಾ?"

ಪುಟ್ಟಬಸವಯ್ಯ ಶಂಖವನ್ನು ಕಂಕುಳಿಗೆ ಸೇರಿಸಿದ. "ಅವತ್ತು ಅದ ನಡುಗ್ಸೋಕೆ ಅಭ್ಯಾಸ ಬೇಕಾಗಿಲ್ಲ ಅವ್ವಾ. ತಾನಾಗೇ ನಡುಗ್ತದೆ" ಎಂದ.

"ಅದೆಲ್ಲ ನಂಬ್ಕಂಡು ಕೂತ್ಕಬ್ಯಾಡ" ಎಂದಳು ಚನ್ನಾಜಮ್ಮ. "ದಿನಾ ಊದ್ತಾ ಇರು."